ಉತ್ತರ ಬರೆಯದೆ ಉಳಿದ ಒಂದು ಮೆಚ್ಚುಗೆಯ ಪತ್ರ

ಈ ಪ್ರಕರಣವನ್ನು ಸಂಬಂಧಪಟ್ಟವರ ಒಪ್ಪಿಗೆ ಪಡೆದು ಬರೆಯುತ್ತಿದ್ದೇನೆ. ವಯಸ್ಸು, ಊರು, ಮನೆಯ ಸಂಗತಿಗಳನ್ನು ಬದಲಿಸಿದ್ದೇನೆ. ಒಂದು ಪಂದ್ಯದ ಉಲ್ಲೇಖವನ್ನು ಮಾತ್ರ ಇದ್ದಂತೆಯೇ ಉಳಿಸಿಕೊಂಡಿದ್ದೇನೆ, ಏಕೆಂದರೆ ಅದನ್ನು ವರದಿ ಮಾಡಿದವರು ಹಲವರಿದ್ದರು ಮತ್ತು ಅದಿಲ್ಲದೆ ಇವರ ಕಷ್ಟವನ್ನು ವಿವರಿಸುವುದು ಸಾಧ್ಯವಿಲ್ಲ.

ಐವತ್ತು ದಾಟಿದ ಕ್ರೀಡಾ ವರದಿಗಾರರೊಬ್ಬರು ಪತ್ನಿಯ ಒತ್ತಾಯಕ್ಕೆ ಮಣಿದು ಆಪ್ತಸಮಾಲೋಚನೆಗೆಂದು ನನ್ನಲ್ಲಿಗೆ ಬಂದರು. ಕನ್ನಡ ದಿನಪತ್ರಿಕೆಯೊಂದರಲ್ಲಿ ಎರಡು ದಶಕಗಳಿಗೂ ಮೀರಿದ ಅನುಭವ ಅವರಿಗಿತ್ತು. ಕೆಲವು ತಿಂಗಳುಗಳಿಂದ ಸರಿಯಾಗಿ ನಿದ್ರೆಯಿಲ್ಲ; ವರದಿಯ ಮೊದಲ ಪ್ಯಾರಾವನ್ನು ಹತ್ತು ಹನ್ನೆರಡು ಸಲ ಅಳಿಸಿ ಬರೆಯುತ್ತಾರೆ; ಡೆಸ್ಕಿನವರು ಕಾದು ಕಾದು, ಕೊನೆಗೆ ಸುದ್ದಿಸಂಸ್ಥೆಯ ಕಾಪಿಯನ್ನೇ ಹಾಕಿ ಪುಟ ಕಳುಹಿಸಿದ ಪ್ರಸಂಗ ನಾಲ್ಕು ಬಾರಿ ನಡೆದಿತ್ತು. ಜಾಲತಾಣಗಳಲ್ಲಿ ಅಭಿಮಾನಿಗಳು ಬರೆಯುವ ನಿಂದನೆಯೇ ಇದಕ್ಕೆ ಕಾರಣವಿರಬೇಕೆಂದು ನಾನು ಊಹಿಸಿದೆ. ಈ ವೃತ್ತಿಯವರು ನನ್ನಲ್ಲಿಗೆ ಬರುವುದು ಸಾಮಾನ್ಯವಾಗಿ ಆ ಕಾರಣಕ್ಕೆ. ಅವರು ಅಲ್ಲವೆಂದು ತಲೆಯಾಡಿಸಿದರು. “ಬೈಗುಳ ನನಗೆ ತಾಗುವುದಿಲ್ಲ ಮೇಡಂ. ಪಂದ್ಯ ಸೋತರೆ ಜನ ಯಾರನ್ನಾದರೂ ಬೈಯಲೇಬೇಕಲ್ಲ. ನನಗೆ ತಾಗುವುದು ಹೊಗಳಿಕೆ.”

ಎರಡನೆಯ ಭೇಟಿಗೆ ಅವರು ಒಂದು ಹಳೆಯ ಫೈಲನ್ನು ತಂದರು. ಅದರಲ್ಲಿ ಓದುಗರ ಮೂವತ್ತಕ್ಕೂ ಹೆಚ್ಚು ಪತ್ರಗಳಿದ್ದವು: ಅಂಚೆ ಕಾರ್ಡುಗಳು, ಶಾಲಾ ನೋಟುಪುಸ್ತಕದಿಂದ ಹರಿದ ಹಾಳೆಗಳು, ಜಿಲ್ಲಾ ಮಟ್ಟದ ಕೊಕ್ಕೊ ತಂಡವೊಂದರ ಹುಡುಗಿಯರೆಲ್ಲ ಸೇರಿ ಸಹಿ ಹಾಕಿದ್ದ ಒಂದು ಕಾಗದ. ಎಲ್ಲಕ್ಕಿಂತ ಮೇಲೆ ಒಂದು ನೀಲಿ ಇನ್‌ಲ್ಯಾಂಡ್ ಪತ್ರವಿತ್ತು. ಅದರ ಮಡಿಕೆಗಳು ಸವೆದು ಹರಿಯುವ ಸ್ಥಿತಿಗೆ ಬಂದಿದ್ದವು. ಅದು 2010ರ ಜನವರಿಯಲ್ಲಿ ಮೈಸೂರಿನ ಗಂಗೋತ್ರಿ ಗ್ಲೇಡ್ಸ್ ಮೈದಾನದಲ್ಲಿ ನಡೆದ ರಣಜಿ ಫೈನಲ್‌ನ ವರದಿಗೆ ಬಂದ ಪ್ರತಿಕ್ರಿಯೆ. ಮೊದಲ ಇನಿಂಗ್ಸ್‌ನಲ್ಲಿ 130ಕ್ಕೆ ಕುಸಿದಿದ್ದ ಕರ್ನಾಟಕ, 338 ರನ್ನುಗಳ ಗುರಿಯನ್ನು ಬೆನ್ನಟ್ಟಿ, ಮನೀಷ್ ಪಾಂಡೆಯವರ 144 ರನ್ನುಗಳ ಬಲದಿಂದ 331ರವರೆಗೆ ಬಂದು, ಮುಂಬೈಗೆ ಕೇವಲ 6 ರನ್ನುಗಳಿಂದ ಸೋತ ಪಂದ್ಯವದು. ರಾಜ್ಯ ತಂಡ ಅದಕ್ಕೂ ಮೊದಲು ರಣಜಿ ಗೆದ್ದದ್ದು 1998–99ರಲ್ಲಿ, ಮತ್ತೆ ಗೆದ್ದದ್ದು 2013–14ರಲ್ಲಿ. ಆ ನಡುವಿನ ವರ್ಷಗಳ ಹಸಿವನ್ನು ಬಲ್ಲವರಿಗೆ ಆ 6 ರನ್ನುಗಳ ಭಾರ ಗೊತ್ತು.

ಪತ್ರ ಬರೆದವರು ಒಬ್ಬ ನಿವೃತ್ತ ಶಾಲಾ ಶಿಕ್ಷಕರು. ಅದರಲ್ಲಿ ಏನಿದೆ ಎಂದು ಕೇಳಿದಾಗ ಇವರು ಕಣ್ಣುಮುಚ್ಚಿ ಒಂದೇ ಸಾಲನ್ನು ಹೇಳಿದರು: “ನಿಮ್ಮಂತೆ ಬರೆಯುವವರು ಇನ್ನೊಬ್ಬರಿಲ್ಲ.” ಮೊದಲ ಕೆಲವು ವರ್ಷ, ದೊಡ್ಡ ಪಂದ್ಯಗಳ ದಿನ ಧೈರ್ಯಕ್ಕಾಗಿ ಆ ಪತ್ರವನ್ನು ತೆಗೆದು ನೋಡುತ್ತಿದ್ದರಂತೆ. ಆಮೇಲೆ ಪ್ರತಿ ವರದಿಗೂ ಮುನ್ನ ನೋಡತೊಡಗಿದರು. ಕ್ರೀಡೆಗೆ ಮೀಸಲಾದ ಪುಟಗಳು ಕಡಿಮೆಯಾಗಿ, ಓದುಗರ ಪತ್ರಗಳು ಬರುವುದೇ ನಿಂತ ಮೇಲಂತೂ ಆ ಒಂದು ಸಾಲು ಇವರ ಪಾಲಿಗೆ ಪರೀಕ್ಷಕನಾಗಿ ಕುಳಿತಿತು. ಬ್ಯಾಡ್ಮಿಂಟನ್ ಟೂರ್ನಿಯೊಂದರ ಮೊದಲ ಸುತ್ತಿನ ನಾಲ್ಕು ಪ್ಯಾರಾ ಸುದ್ದಿಯನ್ನೂ ಅವರು “ಇನ್ನೊಬ್ಬರಿಲ್ಲ” ಎಂಬ ಆ ವರದಿಗಾರನಂತೆಯೇ ಬರೆಯಬೇಕಾಯಿತು.

1998ರಲ್ಲಿ ಮನೋವಿಜ್ಞಾನಿಗಳಾದ ಕ್ಲಾಡಿಯಾ ಮ್ಯೂಲರ್ ಮತ್ತು ಕ್ಯಾರಲ್ ಡ್ವೆಕ್ ಪ್ರಕಟಿಸಿದ ಅಧ್ಯಯನವೊಂದು ಇಲ್ಲಿ ನನಗೆ ನೆನಪಾಯಿತು. ಬುದ್ಧಿವಂತರೆಂದು ಹೊಗಳಿಸಿಕೊಂಡ ಮಕ್ಕಳು, ಪಟ್ಟ ಶ್ರಮಕ್ಕಾಗಿ ಹೊಗಳಿಸಿಕೊಂಡ ಮಕ್ಕಳಿಗಿಂತ ಬೇಗ, ಒಂದು ಸೋಲಿನ ನಂತರ ಹಿಂಜರಿದರು ಎಂಬುದು ಅದರ ತಿರುಳು. ಐವತ್ತರ ವರದಿಗಾರರಿಗೆ ಮಕ್ಕಳ ಅಧ್ಯಯನವನ್ನು ಯಥಾವತ್ತಾಗಿ ಹೊಂದಿಸುವುದು ಸರಿಯಲ್ಲ. ಆದರೂ ವ್ಯಕ್ತಿಗೆ ಸಂದ ಹೊಗಳಿಕೆ ಬೇರೆ, ಮಾಡಿದ ಕೆಲಸಕ್ಕೆ ಸಂದ ಹೊಗಳಿಕೆ ಬೇರೆ ಎಂಬ ವಿವೇಕ ಇಲ್ಲಿ ಉಪಯುಕ್ತವೆನಿಸಿತು. ಆ ಶಿಕ್ಷಕರು ನಿಜವಾಗಿ ಹೊಗಳಿದ್ದು ಏನನ್ನು ಎಂದು ತಿಳಿಯಲು, ಪತ್ರವನ್ನು ಪೂರ್ತಿಯಾಗಿ, ಗಟ್ಟಿಯಾಗಿ ಓದುವಂತೆ ಕೇಳಿಕೊಂಡೆ.

ಅವರು ಓದಿದರು. ಆ ಸಾಲು ಪತ್ರದಲ್ಲಿ ಇತ್ತು, ಆದರೆ ಮೂರನೆಯ ಪ್ಯಾರಾದ ನಡುವೆ, ಹೋಗುತ್ತಾ ಹೇಳಿದ ಮಾತಿನಂತೆ ಇತ್ತು. ಪತ್ರದ ಬಹುಭಾಗ ಆ ಶಿಕ್ಷಕರ ಅಣ್ಣನ ಕುರಿತಾಗಿತ್ತು. ಅಣ್ಣನಿಗೆ ದೃಷ್ಟಿ ಹೋಗಿ ಆರು ವರ್ಷಗಳಾಗಿದ್ದವು. ಪ್ರತಿದಿನ ಬೆಳಿಗ್ಗೆ ಈ ಶಿಕ್ಷಕರು ಅವರಿಗೆ ಕ್ರೀಡಾಪುಟವನ್ನು ಓದಿ ಹೇಳುತ್ತಿದ್ದರು. ವಿಕೆಟ್‌ಗಳು ಯಾವ ಕ್ರಮದಲ್ಲಿ ಬಿದ್ದವು, ಯಾವ ದಿಕ್ಕಿನಿಂದ ಬಿಸಿಲು ಬೀಳುತ್ತಿತ್ತು, ಜನ ಮರ ಹತ್ತಿ ಕುಳಿತು ಹೇಗೆ ನೋಡುತ್ತಿದ್ದರು ಎಂಬುದೆಲ್ಲ ಆ ವರದಿಯಲ್ಲಿ ಇದ್ದುದರಿಂದ ಅಣ್ಣ ಅದನ್ನು ಎರಡು ಸಲ ಓದಿಸಿಕೊಂಡರು. ಕೊನೆಯಲ್ಲಿ ಒಂದು ಪ್ರಶ್ನೆಯಿತ್ತು: “ಕೊನೆಯ ವಿಕೆಟ್ ಬಿದ್ದ ಮೇಲೆ ಜನ ತಕ್ಷಣ ಎದ್ದು ಹೋದರೋ, ಕುಳಿತೇ ಇದ್ದರೋ? ನೀವು ಬರೆದಿಲ್ಲ. ಅಣ್ಣ ಕೇಳುತ್ತಿದ್ದಾನೆ, ತಿಳಿಸುವುದು.”

ಇವರು ಬಹಳ ಹೊತ್ತು ಮಾತನಾಡಲಿಲ್ಲ. ಉತ್ತರ ಬರೆದಿದ್ದಿರಾ ಎಂದು ನಾನು ಕೇಳಬೇಕಾಗಿರಲಿಲ್ಲ. ವಿರಾಮವಾಗಿ, ಚೆನ್ನಾಗಿ ಬರೆಯೋಣವೆಂದು ಎತ್ತಿಟ್ಟದ್ದು ವಾರವಾಯಿತು, ತಿಂಗಳಾಯಿತು. ಆಮೇಲೆ ಬರೆಯಲು ಸಂಕೋಚವಾಯಿತು. ಸಂಕೋಚ ಹಳೆಯದಾದಂತೆ ಪ್ರಶ್ನೆ ಮರೆಯಾಗಿ ಹೊಗಳಿಕೆ ಮಾತ್ರ ಉಳಿಯಿತು. “ಹೊಗಳಿಕೆ ಹೊನ್ನಶೂಲ ಅಂತಾರಲ್ಲ ಮೇಡಂ, ಹಾಗಾಯಿತು,” ಎಂದರು. ಶೂಲ ಮಾಡಿಕೊಂಡವರು ಅವರೇ. ಓದುಗರು ಕಳುಹಿಸಿದ್ದು ಒಂದು ಇನ್‌ಲ್ಯಾಂಡ್ ಪತ್ರವನ್ನಷ್ಟೆ ಎಂದು ನಾನು ಹೇಳಿದೆ. ಈ ಮಾತು ಸ್ವಲ್ಪ ಕಟುವಾಯಿತೆಂದು ಅನಂತರ ನನಗನಿಸಿತು, ಆದರೆ ಅವರು ನಕ್ಕರು.

ನಾನು ನೀಡಿದ ಸಲಹೆಗಳಲ್ಲಿ ಮುಖ್ಯವಾದದ್ದು ಆ ಪತ್ರಕ್ಕೆ ಉತ್ತರ ಬರೆಯುವುದು. ಇಷ್ಟು ವರ್ಷಗಳಲ್ಲಿ ಅಣ್ಣನೋ ತಮ್ಮನೋ ಅಥವಾ ಇಬ್ಬರೂ ತೀರಿಕೊಂಡಿರಬಹುದು, ಪತ್ರ ಹಿಂದಿರುಗಬಹುದು ಎಂಬುದನ್ನು ಮೊದಲೇ ಸ್ಪಷ್ಟವಾಗಿ ಹೇಳಿದೆ. ಕ್ಷಮಾಪಣೆ ಒಂದು ಸಾಲಿಗಿಂತ ಹೆಚ್ಚಿರಬಾರದು, ಕೇಳಿದ ಪ್ರಶ್ನೆಗೆ ಉತ್ತರವಿರಬೇಕು, ಮತ್ತು ಅದನ್ನು ಎರಡನೆಯ ಬಾರಿ ತಿದ್ದಿ ಬರೆಯುವಂತಿಲ್ಲ ಎಂಬ ಷರತ್ತುಗಳನ್ನೂ ಹಾಕಿದೆ. ಎರಡನೆಯದಾಗಿ, ಆರು ವಾರಗಳ ಕಾಲ ಕೆಲಸಕ್ಕೆ ಮುನ್ನ ಫೈಲು ತೆರೆಯಬಾರದು, ತೆರೆಯಬೇಕೆನಿಸಿದರೆ ಕಾಪಿ ಕಳುಹಿಸಿದ ಮೇಲೆ ತೆರೆಯಬಹುದು ಎಂದು ಒಪ್ಪಿಸಿದೆ. ಧೈರ್ಯಕ್ಕೆಂದು ಪದೇ ಪದೇ ಮಾಡುವ ಕ್ರಿಯೆ ಆತಂಕವನ್ನು ತಗ್ಗಿಸುವ ಬದಲು ಪೋಷಿಸುತ್ತದೆಂಬುದನ್ನು ವಿವರಿಸಲು ಒಂದು ಇಡೀ ಭೇಟಿ ಬೇಕಾಯಿತು. ನಿದ್ರೆಯ ವಿಚಾರವಾಗಿ ವೈದ್ಯರಲ್ಲಿಗೆ ಕಳುಹಿಸಿದೆ; ರಕ್ತದೊತ್ತಡ ಹೆಚ್ಚಿತ್ತು, ಚಿಕಿತ್ಸೆ ಆರಂಭವಾಯಿತು.

ಮತ್ತೊಂದು ಚಿಕ್ಕ ಅಭ್ಯಾಸವನ್ನೂ ಸೂಚಿಸಿದೆ. ಯಾರಾದರೂ ಎದುರಿಗೇ ಹೊಗಳಿದಾಗ “ಅಯ್ಯೋ, ಅದೇನು ಮಹಾ, ಅವಸರದಲ್ಲಿ ಬರೆದದ್ದು” ಎನ್ನುವುದು ನಮ್ಮಲ್ಲಿ ವಿನಯವೆನಿಸಿಕೊಳ್ಳುತ್ತದೆ, ಆದರೆ ಹಾಗೆಂದ ತಕ್ಷಣ ಹೊಗಳಿದವರ ಬಾಯಿ ಮುಚ್ಚುತ್ತದೆ ಮತ್ತು ಅವರಿಗೆ ಹಿಡಿಸಿದ್ದು ಏನೆಂಬುದು ಬರೆದವರಿಗೆ ತಿಳಿಯುವುದೇ ಇಲ್ಲ. ಅದರ ಬದಲು ಧನ್ಯವಾದ ಹೇಳಿ, ಯಾವ ಭಾಗ ಹಿಡಿಸಿತು ಎಂದು ಕೇಳುವಂತೆ ತಿಳಿಸಿದೆ. ಮೊದಲ ಪ್ರಯೋಗ ನಡೆದದ್ದು ಚಹಾದ ಅಂಗಡಿಯಲ್ಲಿ. ಆ ಓದುಗರಿಗೆ ಮೆಚ್ಚುಗೆಯಾದದ್ದು ಇವರು ಬರೆಯದೇ ಇದ್ದ, ಸುದ್ದಿಸಂಸ್ಥೆಯಿಂದ ಬಂದಿದ್ದ ಒಂದು ವರದಿ. ಅದನ್ನು ಹೇಳುವಾಗ ಅವರ ಮುಖದಲ್ಲಿ ತಿಂಗಳುಗಳಿಂದ ಕಾಣದ ಲಘುತ್ವವಿತ್ತು.

ಉತ್ತರವನ್ನು ಒಂದೇ ಕಾರ್ಡಿನಲ್ಲಿ ಬರೆದು ಅಂಚೆಗೆ ಹಾಕಿದರು. ಜನ ತಕ್ಷಣ ಏಳಲಿಲ್ಲ, ಬಹಳ ಹೊತ್ತು ಕುಳಿತಿದ್ದರು, ಯಾರೋ ಒಬ್ಬರು ಚಪ್ಪಾಳೆ ಆರಂಭಿಸಿದ ಮೇಲೆ ಎಲ್ಲರೂ ಎದ್ದು ತಟ್ಟಿದರು ಎಂದು ತಮ್ಮ ನೆನಪಿನಿಂದ ಬರೆದಿದ್ದರು. ಇದನ್ನು ಅಂದಿನ ವರದಿಯಲ್ಲೇ ಸೇರಿಸಬೇಕಿತ್ತು, ಜಾಗ ಸಾಲದೆ ಬಿಟ್ಟಿದ್ದೆ ಎಂದೂ ಒಪ್ಪಿಕೊಂಡಿದ್ದರು.

ಐದನೆಯ ಭೇಟಿಯ ಹೊತ್ತಿಗೆ ಕಾಪಿ ಹೆಚ್ಚಿನ ದಿನಗಳಲ್ಲಿ ಹೊತ್ತಿಗೆ ಸರಿಯಾಗಿ ಡೆಸ್ಕಿಗೆ ಸೇರುತ್ತಿತ್ತು. ದೊಡ್ಡ ಪಂದ್ಯವೊಂದರ ದಿನ ಮಾತ್ರ ಮತ್ತೆ ಫೈಲು ತೆರೆದೆನೆಂದು ತಾವಾಗಿ ತಿಳಿಸಿದರು; ಅದನ್ನು ನಾವು ಸೋಲೆಂದು ಎಣಿಸಲಿಲ್ಲ. ಕಾರ್ಡಿಗೆ ಉತ್ತರ ಬಂದಿಲ್ಲ, ಕಾರ್ಡು ಹಿಂದಿರುಗಿಯೂ ಇಲ್ಲ. ನೀಲಿ ಪತ್ರವನ್ನು ಈಗ ಕಚೇರಿಯ ಮೇಜಿನಿಂದ ತೆಗೆದು ಮನೆಗೆ ಒಯ್ದು, ವಿದ್ಯುತ್ ಬಿಲ್ಲು, ಕಂದಾಯದ ರಸೀದಿಗಳನ್ನಿಡುವ ಡ್ರಾಯರಿನಲ್ಲಿ ಇಟ್ಟಿದ್ದಾರೆ.