ಹಳೇಪೇಟೆಯ ಪಕ್ಕದಲ್ಲಿ ಮನೆ

ಪ್ರಶ್ನೆ: ಸಣ್ಣ ನಗರವೊಂದರ ಐತಿಹಾಸಿಕ ಪೇಟೆಗೆ ಹೊಂದಿಕೊಂಡು ಈಗಷ್ಟೇ ಚಿಗುರುತ್ತಿರುವ ಬಡಾವಣೆಯಲ್ಲಿ ಹಳೆಯ ಮನೆ ಕೊಳ್ಳಬಹುದೇ?

ಉತ್ತರ: ಪೇಟೆಗೆ ನಡೆದೇ ಹೋಗಿಬರುವ ಅನುಕೂಲ ದೊಡ್ಡದು, ಆದರೆ ಮುಂಗಡ ಕೊಡುವ ಮೊದಲು ರಾತ್ರಿ ಹತ್ತರ ಮೇಲೊಮ್ಮೆ, ಜೋರು ಮಳೆಯ ಮರುದಿನ ಇನ್ನೊಮ್ಮೆ ಆ ಬೀದಿಯನ್ನು ನೋಡಿ ಬನ್ನಿ. ಸುಣ್ಣದ ಗಾರೆಯ ಗೋಡೆಗೆ ಯಾರಾದರೂ ಸಿಮೆಂಟ್ ಮೆತ್ತಿದ್ದರೆ, ಒಳಗಿನ ತೇವ ಹೊರಹೋಗಲಾರದೆ ಬುಡದಲ್ಲಿ ಬಣ್ಣ ಹಕ್ಕಳೆಯೆದ್ದು, ಉಗುರು ತಾಗಿಸಿದರೆ ಪುಡಿ ಉದುರುತ್ತದೆ. ಪಾರಂಪರಿಕ ವಲಯದ ನಿಯಮಗಳು ಕಿಟಕಿ ಬದಲಿಸುವುದಕ್ಕೂ ಅಡ್ಡಬರಬಹುದು, ವಿಚಾರಿಸಿ. ಬಡಾವಣೆ ಬೆಳೆದಂತೆ ಬಾಡಿಗೆ ಏರಿ ಹಳಬರೇ ಜಾಗ ಖಾಲಿ ಮಾಡುವ ಸ್ಥಿತಿಯನ್ನು ಸಮಾಜಶಾಸ್ತ್ರಜ್ಞೆ ರೂತ್ ಗ್ಲಾಸ್ 1964ರಲ್ಲಿ, ಲಂಡನ್ನನ್ನು ಕುರಿತು ಬರೆಯುತ್ತಾ, ‘ಜೆಂಟ್ರಿಫಿಕೇಷನ್’ ಎಂದು ಕರೆದರು. ಕೊಂಡವರಿಗೆ ಅದು ಲಾಭ, ಪಕ್ಕದ ಬಾಡಿಗೆದಾರರಿಗೆ ಹೊರೆ ಎಂಬುದು ಕಸಿವಿಸಿಯ ಮಾತೇ. ಮಾರುವವರು ‘ಮುಂದೆ ಬರಲಿದೆ’ ಎನ್ನುವುದಕ್ಕಲ್ಲ, ಇಂದು ಇರುವುದಕ್ಕಷ್ಟೇ ಬೆಲೆ ಕಟ್ಟಿ.