1963ರ ಒಂದು ಶನಿವಾರ, ಬ್ರಿಟನ್ನಿನ ಟಿವಿ ಮುಂದೆ

ಟಿವಿ ಕಪ್ಪು ಬಿಳುಪಾಗಿದ್ದ ಕಾಲದಲ್ಲಿ ಬ್ರಿಟನ್ನಿನ ಮನೆಗಳಲ್ಲಿ ಒಂದು ಸಂಜೆ ಹೇಗಿರುತ್ತಿತ್ತು, ಏನೇನು ಬರುತ್ತಿತ್ತು ಅಂತ ಕೇಳಿದ್ದೀರಿ. ಕೆಲಸಕ್ಕೆ ಅಂತ ಇಂಗ್ಲೆಂಡಿಗೆ ಬಂದಮೇಲೆ ಹಳೇ ಟಿವಿ ಕಾರ್ಯಕ್ರಮಗಳನ್ನು ಹುಡುಕಿ ಹುಡುಕಿ ನೋಡುವ ಹುಚ್ಚು ಹತ್ತಿಸಿಕೊಂಡವನು ನಾನು. ಸುಮ್ನೆ ಒಟ್ಟಾರೆಯಾಗಿ ಹೇಳುವ ಬದಲು ಒಂದೇ ದಿನ ಹಿಡಿದು ಹೇಳುತ್ತೇನೆ. 1963ರ ನವೆಂಬರ್ 23, ಶನಿವಾರ.

ಮೊದಲು ಆ ಪೆಟ್ಟಿಗೆಯ ವಿಷಯ. ಆಗ ಇದ್ದದ್ದು ಎರಡೇ ಚಾನೆಲ್. ಒಂದು ಬಿಬಿಸಿ. ಇನ್ನೊಂದು 1955ರಲ್ಲಿ ಶುರುವಾದ, ಜಾಹೀರಾತು ಹಾಕುವ ಐಟಿವಿ. ಬಿಬಿಸಿ 2 ಬಂದದ್ದು ಮರುವರ್ಷ ಏಪ್ರಿಲ್‌ನಲ್ಲಿ. ಚಿತ್ರ ಮೂಡುತ್ತಿದ್ದದ್ದು ಅಡ್ಡಡ್ಡ 405 ಗೆರೆಗಳಲ್ಲಿ ಅಷ್ಟೇ. ಗುಂಡಿ ಒತ್ತಿದರೆ ತಕ್ಷಣ ಏನೂ ಕಾಣುತ್ತಿರಲಿಲ್ಲ, ಒಳಗಿನ ವಾಲ್ವ್ ಅನ್ನುವ ಗಾಜಿನ ಕೊಳವೆಗಳು ಬಿಸಿಯಾಗಬೇಕು. ಎಷ್ಟೋ ಮನೆಗಳಲ್ಲಿ ಸೆಟ್ಟು ಸ್ವಂತದ್ದಲ್ಲ, ಬಾಡಿಗೆಗೆ ತಂದದ್ದು. ನಮ್ಮ ಬೀದಿಯ ಹಿರಿಯರೊಬ್ಬರ ಮನೆಯ ಸೆಟ್ಟಿನ ಹಿಂದೆ ನಾಣ್ಯದ ಡಬ್ಬಿ ಇತ್ತಂತೆ. ನಾಣ್ಯ ಹಾಕಿದಷ್ಟು ಹೊತ್ತು ಟಿವಿ. ಕೊಲೆಗಾರ ಯಾರು ಅಂತ ಗೊತ್ತಾಗುವ ಹೊತ್ತಿಗೆ ಸರಿಯಾಗಿ ಪರದೆ ಕಪ್ಪಾದರೆ ಮನೆಮಂದಿಯೆಲ್ಲ ಜೇಬು ತಡಕಾಡಬೇಕು! ಕಾರ್ಯಕ್ರಮದ ಪಟ್ಟಿಗೂ ಎರಡು ಪತ್ರಿಕೆ. ಬಿಬಿಸಿಯದ್ದು ಬೇಕಾದರೆ 'ರೇಡಿಯೋ ಟೈಮ್ಸ್', ಐಟಿವಿಯದ್ದು ಬೇಕಾದರೆ 'ಟಿವಿ ಟೈಮ್ಸ್'. 1957ರವರೆಗಂತೂ ಸಂಜೆ ಆರರಿಂದ ಏಳರವರೆಗೆ ಟಿವಿಯೇ ಇರುತ್ತಿರಲಿಲ್ಲ. ಚಿಕ್ಕ ಮಕ್ಕಳನ್ನು ಮಲಗಿಸಲಿ ಅಂತ ಆ ಒಂದು ಗಂಟೆ ಖಾಲಿ ಬಿಡುತ್ತಿದ್ದರು.

ಈಗ ಆ ಶನಿವಾರ. ಅದರ ಹಿಂದಿನ ಸಂಜೆ ಅಮೆರಿಕದ ಅಧ್ಯಕ್ಷ ಕೆನಡಿಗೆ ಗುಂಡೇಟು ಬಿದ್ದಿತ್ತು. ಅದು ನಡೆದ ಡಲ್ಲಾಸ್‌ನಲ್ಲಿ ಮಧ್ಯಾಹ್ನವಾದರೆ ಲಂಡನ್ನಿನಲ್ಲಿ ಸಂಜೆ. ಹಾಗಾಗಿ ಬ್ರಿಟನ್ನಿನ ಜನಕ್ಕೆ ಈ ಸುದ್ದಿ ಬಂದದ್ದು ಟಿವಿ ಮುಂದೆ ಕೂತಿರುವ ಹೊತ್ತಿನಲ್ಲೇ, ಏಳು ಗಂಟೆ ದಾಟಿದ ಮೇಲೆ. ತೀರಿಕೊಂಡರು ಅಂತ ಏಳೂವರೆ ಸುಮಾರಿಗೆ ಖಚಿತವಾಯಿತು. ಬಿಬಿಸಿ ಸ್ವಲ್ಪ ಹೊತ್ತು ತನ್ನ ತಿರುಗುವ ಭೂಗೋಳದ ಚಿತ್ರವನ್ನಷ್ಟೇ ತೋರಿಸಿತು. ಆಮೇಲೆ ಪಟ್ಟಿಯಲ್ಲಿದ್ದ ಹಾಸ್ಯ ಕಾರ್ಯಕ್ರಮವನ್ನೇ ಹಾಕಿತು. ಇಂಥ ಹೊತ್ತಿನಲ್ಲಿ ನಗೆಯಾಟವೇ ಅಂತ ಜನ ಸಿಟ್ಟಾದರು. ಆ ಸಿಟ್ಟು ನ್ಯಾಯವಾದದ್ದೇ. ಯಾವ ಮನೆಯಲ್ಲಾದರೂ ಸಾವಿನ ಸುದ್ದಿ ಕೇಳಿದ ಮೇಲೆ ನಗು ಬರುತ್ತದಾ?

ಮಾರನೇ ದಿನ ಸಂಜೆ 5.15ಕ್ಕೆ ಹೊಸ ಧಾರಾವಾಹಿ ಶುರುವಾಗಬೇಕಿತ್ತು. ಅದೇ ಕಾಲಯಾನದ ಕಥೆಯ 'ಡಾಕ್ಟರ್ ಹೂ'. ಸುಮಾರು ಎಂಬತ್ತು ಸೆಕೆಂಡು ತಡವಾಗಿ ಶುರುವಾಯಿತು. ಅದರ ನಿರ್ಮಾಪಕಿ ವೆರಿಟಿ ಲ್ಯಾಂಬರ್ಟ್‌ಗೆ ಆಗ 27 ವರ್ಷ. ನಿರ್ದೇಶಕ ವಾರಿಸ್ ಹುಸೇನ್, ವಯಸ್ಸು 24, ಹುಟ್ಟಿದ್ದು ನಮ್ಮ ಲಖ್ನೋದಲ್ಲಿ. ಇದು ನಮ್ಮಲ್ಲಿ ಎಷ್ಟು ಜನಕ್ಕೆ ಗೊತ್ತು? ಗಂಡಸರೇ, ಅದೂ ಬಿಳಿಯರೇ ತುಂಬಿದ್ದ ಸಂಸ್ಥೆಯೊಳಗೆ ಒಬ್ಬ ಹೆಣ್ಣುಮಗಳು, ಒಬ್ಬ ಭಾರತೀಯ ಹುಡುಗ ಸೇರಿ ಅದನ್ನು ಕಟ್ಟಿ ನಿಲ್ಲಿಸಿದರು. ನನಗೆ ಹೇಳಿಕೊಳ್ಳಲು ಹೆಮ್ಮೆಯಾಗುವ ಸಂಗತಿ ಇದು.

ಆ ಕಂತಿನ ಶುರುವಿನ ಅರ್ಧ ನಿಮಿಷ ನೋಡಿ. ಕಪ್ಪು ಪರದೆಯ ನಡುವಿನಿಂದ ಬಿಳಿ ಬೆಳಕಿನ ಗೆರೆ ಮೇಲೇಳುತ್ತದೆ, ಹೊಗೆಯ ಹಾಗೆ ಎರಡೂ ಕಡೆ ಹರಡುತ್ತದೆ, ಮಡಚಿಕೊಳ್ಳುತ್ತದೆ, ಮತ್ತೆ ಬಿಚ್ಚಿಕೊಳ್ಳುತ್ತದೆ. ಟಿವಿಗೆ ಕಂಪ್ಯೂಟರ್ ಗ್ರಾಫಿಕ್ಸ್ ಇನ್ನೂ ಬಾರದ ಕಾಲ. ಒಂದು ಕ್ಯಾಮೆರಾವನ್ನು, ಅದು ಹಿಡಿದ ಚಿತ್ರವೇ ಕಾಣುತ್ತಿರುವ ಪರದೆಯ ಕಡೆಗೇ ತಿರುಗಿಸಿ ಇಟ್ಟರು. ಕ್ಷೌರದಂಗಡಿಯಲ್ಲಿ ಎದುರುಬದುರು ಕನ್ನಡಿ ಇದ್ದರೆ ಚಿತ್ರದೊಳಗೆ ಚಿತ್ರ ಹುಟ್ಟುತ್ತಾ ಹೋಗುತ್ತದಲ್ವಾ, ಹಾಗೆ. ಅಲ್ಲಿ ಹುಟ್ಟಿದ ಬೆಳಕಿನ ಆಟವನ್ನು ಫಿಲ್ಮಿಗೆ ಇಳಿಸಿಕೊಂಡರು. ಸಂಗೀತ ರಾನ್ ಗ್ರೇನರ್ ಬರೆದದ್ದು. ಅದನ್ನು ಸದ್ದಿಗೆ ಇಳಿಸಿದವರು ಬಿಬಿಸಿಯ ವಿಶೇಷ ಸದ್ದುಗಳ ವಿಭಾಗವಾದ ರೇಡಿಯೋಫೋನಿಕ್ ವರ್ಕ್‌ಶಾಪ್‌ನ ಡೀಲಿಯಾ ಡರ್ಬಿಶೈರ್. ಒಂದು ತಂತಿ ಮೀಟಿದ ಸದ್ದು, ಯಂತ್ರ ಹೊರಡಿಸುವ ಶಿಳ್ಳೆಯಂಥ ಸದ್ದು, ಇಂಥವನ್ನು ಟೇಪಿನಲ್ಲಿ ಹಿಡಿದು, ಒಂದೊಂದು ಸ್ವರಕ್ಕೂ ಬೇಕಾದಷ್ಟೇ ಉದ್ದದ ಟೇಪನ್ನು ಬ್ಲೇಡಿನಲ್ಲಿ ಕತ್ತರಿಸಿ, ತುಂಡಿಗೆ ತುಂಡು ಅಂಟಿಸಿ ಆ ಸಂಗೀತ ಮಾಡಿದರು. ಇವತ್ತು ಕೇಳಿದರೂ ಮೈ ಜುಮ್ಮೆನ್ನುತ್ತದೆ. ಮೊದಲ ದಿನ ನೋಡಿದವರು ಸುಮಾರು 44 ಲಕ್ಷ ಜನ. ಮುಂದಿನ ಶನಿವಾರ ಎರಡನೇ ಕಂತಿಗೆ ಮುಂಚೆ ಮೊದಲನೆಯದನ್ನು ಮತ್ತೊಮ್ಮೆ ಹಾಕಿದರು. ಆ ಕಾಲದಲ್ಲಿ ಹಾಗೆ ಮಾಡುವುದು ಅಪರೂಪ.

ಆಗಿನ ಶನಿವಾರಗಳ ಇನ್ನೊಂದು ಖಾಯಂ ನೆಂಟ 'ಡಿಕ್ಸನ್ ಆಫ್ ಡಾಕ್ ಗ್ರೀನ್'. ಬೀದಿ ಸುತ್ತುವ ಪೊಲೀಸ್ ಪೇದೆಯ ಕಥೆ. ಪ್ರತಿ ಕಂತಿನಲ್ಲೂ ಡಿಕ್ಸನ್ ಪಾತ್ರದ ಜ್ಯಾಕ್ ವಾರ್ನರ್ ನೇರವಾಗಿ ಕ್ಯಾಮೆರಾ ನೋಡಿ, ಸೆಲ್ಯೂಟ್ ಹೊಡೆದು 'ಈವ್ನಿಂಗ್ ಆಲ್' ಅನ್ನುತ್ತಿದ್ದರು. ಆಗ ಅವರಿಗೆ 68 ವರ್ಷ, ಮನೆಗೆ ಬಂದ ತಾತನ ಹಾಗೇ ಇದ್ದರು.

ರಾತ್ರಿ ಹೊತ್ತಿಗೆ ಬರುತ್ತಿದ್ದದ್ದು 'ದಟ್ ವಾಸ್ ದ ವೀಕ್ ದಟ್ ವಾಸ್'. ಡೇವಿಡ್ ಫ್ರಾಸ್ಟ್ ನಡೆಸಿಕೊಡುತ್ತಿದ್ದ, ಮಂತ್ರಿಗಳನ್ನೂ ಬಿಡದೆ ಗೇಲಿ ಮಾಡುವ ಕಾರ್ಯಕ್ರಮ. ಆ ರಾತ್ರಿ ಅದರಲ್ಲಿ ಒಂದು ನಗೆಮಾತೂ ಇರಲಿಲ್ಲ. ತಯಾರಾಗಿದ್ದದ್ದನ್ನೆಲ್ಲ ಪಕ್ಕಕ್ಕಿಟ್ಟು ಸುಮಾರು ಇಪ್ಪತ್ತು ನಿಮಿಷ ಕೆನಡಿಗೆ ನಮನ ಸಲ್ಲಿಸಿದರು. ಮಿಲಿಸೆಂಟ್ ಮಾರ್ಟಿನ್ ಹಾಡಿದರು, ಹಿರಿಯ ನಟಿ ಸಿಬಿಲ್ ಥಾರ್ನ್‌ಡೈಕ್ ಕವಿತೆ ಓದಿದರು. ಅಮೆರಿಕದ ಎನ್‌ಬಿಸಿ ಮಾರನೇ ದಿನ ಅದನ್ನು ಅಲ್ಲಿಯವರಿಗೆ ತೋರಿಸಿತು. ಹಿಂದಿನ ರಾತ್ರಿಯ ತಪ್ಪನ್ನು ಬಿಬಿಸಿ ಹೀಗೆ ತಿದ್ದಿಕೊಂಡಿತು ಅಂತಲೇ ನನಗೆ ಅನ್ನಿಸುತ್ತದೆ.

ಮಧ್ಯರಾತ್ರಿಯ ಹೊತ್ತಿಗೆಲ್ಲ ಪ್ರಸಾರ ಮುಗಿಯುತ್ತಿತ್ತು. ನಿರೂಪಕರ ಗುಡ್ ನೈಟ್, ರಾಷ್ಟ್ರಗೀತೆ, ಅಷ್ಟೇ. ಸೆಟ್ಟು ಆರಿಸಿದರೆ ಇಡೀ ಚಿತ್ರ ಕುಗ್ಗಿ ನಡುವಿನ ಒಂದು ಬಿಳಿ ಚುಕ್ಕೆಯಾಗಿ ಸ್ವಲ್ಪ ಹೊತ್ತು ಉಳಿಯುತ್ತಿತ್ತು. ಅದು ಪೂರ್ತಿ ಆರುವ ತನಕ ನೋಡುತ್ತಾ ಕೂರುವುದು ಅಲ್ಲಿನ ಮಕ್ಕಳಿಗೆ ಒಂದು ಆಟ.

ನಿಮ್ಮ ಪ್ರಶ್ನೆಗೆ ನಾನು ಕೊಡಬೇಕಾದ ಮುಖ್ಯ ಉತ್ತರ ಇಲ್ಲಿದೆ. ಆ ಸಂಜೆಗಳು ನಾಟಕ ಕಂಪನಿಯ ಆಟ ಇದ್ದ ಹಾಗೆ, ಆ ಹೊತ್ತಿಗೆ ಬಂದು ಕೂತವರಿಗಷ್ಟೇ ದಕ್ಕಿದವು. ಮನೆಯಲ್ಲಿ ಚಿತ್ರ ರೆಕಾರ್ಡ್ ಮಾಡಿಕೊಳ್ಳುವ ಯಂತ್ರವಿಲ್ಲ. ಎರಡಿಂಚು ಅಗಲದ ವಿಡಿಯೋ ಟೇಪು ವಿಪರೀತ ದುಬಾರಿ. ಹಾಗಾಗಿ ಒಂದು ಕಾರ್ಯಕ್ರಮ ಅಳಿಸಿ ಅದರ ಮೇಲೇ ಇನ್ನೊಂದು ತುಂಬುತ್ತಿದ್ದರು. 'ಡಾಕ್ಟರ್ ಹೂ' ಮೊದಲ ಕಂತು ಉಳಿದದ್ದು, ಹೊರದೇಶಗಳಿಗೆ ಮಾರಲು ಫಿಲ್ಮಿನಲ್ಲಿ ಪ್ರತಿ ತೆಗೆದಿದ್ದರು ಅನ್ನುವ ಕಾರಣಕ್ಕೆ. ಇದೇ ಧಾರಾವಾಹಿಯಲ್ಲಿ 1964ರಲ್ಲಿ ಬಂದ, ಬಹುಪಾಲು ವಾರಿಸ್ ಹುಸೇನ್ ಅವರೇ ನಿರ್ದೇಶಿಸಿದ 'ಮಾರ್ಕೋ ಪೋಲೋ' ಕಥೆಯ ಏಳು ಕಂತುಗಳ ಚಿತ್ರ ಕಳೆದುಹೋಗಿದೆ. ಮಾತು, ಸಂಗೀತ ಮಾತ್ರ ಇದೆ. ಯಾಕೆಂದರೆ ಯಾರೋ ಅಭಿಮಾನಿಗಳು ಮನೆಯಲ್ಲಿ ಟಿವಿ ಮುಂದೆ ಟೇಪ್ ರೆಕಾರ್ಡರ್ ಇಟ್ಟು ಸದ್ದು ಹಿಡಿದಿಟ್ಟಿದ್ದರು. ದೊಡ್ಡ ಸಂಸ್ಥೆ ಕಾಪಾಡದ್ದನ್ನು ಅವರು ಕಾಪಾಡಿದರು. ಅವರಿಗೆ ಎಷ್ಟು ಕೈ ಮುಗಿದರೂ ಸಾಲದು.

ಬೇರೆ ದಿನದ ಸಂಜೆ ನೋಡಬೇಕಾದರೆ 'ಬಿಬಿಸಿ ಜೀನೋಮ್' (ಈಗ 'ಬಿಬಿಸಿ ಪ್ರೋಗ್ರಾಂ ಇಂಡೆಕ್ಸ್') ಜಾಲತಾಣಕ್ಕೆ ಹೋಗಿ. 1923ರಿಂದ 2009ರವರೆಗಿನ ರೇಡಿಯೋ ಟೈಮ್ಸ್ ಪಟ್ಟಿಗಳು ಅಲ್ಲಿವೆ, ತಾರೀಖು ಹಾಕಿದರೆ ಆಯಿತು. ಒಂದು ನೆನಪಿರಲಿ, ಅದು ಮುಂಚಿತವಾಗಿ ಅಚ್ಚಾದ ಪಟ್ಟಿ. ಕೆನಡಿ ಸುದ್ದಿ ಬಂದಮೇಲೆ ಆದಂಥ ಬದಲಾವಣೆಗಳನ್ನು ಮಾತ್ರ ಮರುದಿನದ ದಿನಪತ್ರಿಕೆಗಳಲ್ಲಿ ಹುಡುಕಬೇಕು.