ಬಳ್ಳಾರಿಯಲ್ಲಿ ಮೊದಲ ಕೆಲಸ, ಬ್ಲೇಜರ್ ಹೊಲಿಸಬೇಕಾ?

ಸಿರುಗುಪ್ಪ ಹತ್ತಿರದ ಹಳ್ಳಿಯವಳು, ಬಿ.ಕಾಂ. ಮುಗಿಸಿ ಏಪ್ರಿಲ್‌ನಲ್ಲಿ ಬಳ್ಳಾರಿಯ ಆಡಿಟರ್ ಆಫೀಸಿಗೆ ಸೇರ್ತಿದ್ದೀನಿ, ಹಳ್ಳಿ ಹುಡುಗಿ ಅಂತ ಪಾರ್ಟಿಗಳು (ಆಫೀಸಿಗೆ ಲೆಕ್ಕ ಕೊಡೋ ವ್ಯಾಪಾರಿಗಳು) ಹಗುರ ಮಾಡಬಾರದು, ಬ್ಲೇಜರ್ ಹೊಲಿಸಬೇಕಾ, ಇಂಗ್ಲಿಷ್ ಕ್ಲಾಸಿಗೆ ಹೋಗಬೇಕಾ ಅಂತ ಕೇಳಿದ್ದೀರಿ. ಇದೇ ಊರಲ್ಲಿ ಇದೇ ಕೆಲಸ ಹದಿನಾಲ್ಕು ವರ್ಷದಿಂದ ಮಾಡ್ತಿರೋಳು ನಾನು.

ಏಪ್ರಿಲ್‌ನಲ್ಲಿ ಬಳ್ಳಾರಿಯಲ್ಲಿ ಬ್ಲೇಜರ್! ಬಸ್ ಸ್ಟ್ಯಾಂಡಿಂದ ಆಫೀಸು ಮುಟ್ಟೋದರೊಳಗೆ ಬೆಂದು ಹೋಗ್ತೀರಿ. ಆ ದುಡ್ಡಲ್ಲಿ ನಾಲ್ಕು ಕಾಟನ್ ಚೂಡಿದಾರ ಹೊಲಿಸಿಕೊಳ್ಳಿ. ಬಿಳಿ ಬೇಡ, ನಮ್ಮ ಕಡೆ ಕೆಂಪು ಧೂಳು ನಿಮಗೇ ಗೊತ್ತು. ದುಪಟ್ಟಾಗೆ ಎರಡೂ ಹೆಗಲಿಗೆ ಪಿನ್ನು ಹಾಕಿ, ಬಿಲ್ಲುಗಳ ಮೇಲೆ ಬಗ್ಗಿದಾಗೆಲ್ಲ ಎಳೆದುಕೊಳ್ತಾ ಕೂತರೆ ನಿಮ್ಮ ಗಮನವೂ ಲೆಕ್ಕದ ಮೇಲೆ ಇರಲ್ಲ. ಬಟ್ಟೆ ಮಾತು ಇಷ್ಟೇ.

ಚಪ್ಪಲಿ ಮಾತು ಮಾತ್ರ ಸ್ವಲ್ಪ ಉದ್ದ. ಸೇರಿದ ಎರಡನೇ ವಾರ ನನ್ನನ್ನು ಸ್ಟಾಕ್ ನೋಡಿ ಬಾ ಅಂತ ಒಂದು ರೈಸ್ ಮಿಲ್ಲಿಗೆ ಕಳಿಸಿದರು. ಹೊಸ ಸೀರೆ, ಎರಡಿಂಚು ಹೀಲ್ಸು. ಮಿಲ್ಲಿನ ಅಂಗಳದ ತುಂಬ ಒಣಗಲು ಹರವಿದ ಭತ್ತ. ನಾನು ಸೀದಾ ಅದರ ಮೇಲೆ ಕಾಲಿಟ್ಟೆ, ಹೀಲ್ಸು ಹೂತುಕೊಂಡಿತು. ಹಮಾಲರು ಅತ್ತ ಮುಖ ಮಾಡಿ ನಕ್ಕರು. ಕೇರುತ್ತ ಕೂತಿದ್ದ ಒಬ್ಬ ಅಜ್ಜಿ, "ಚಪ್ಪಲಿ ಬಿಚ್ಚಿ ಬಾರವ್ವ, ಅನ್ನ ಅದು" ಅಂದಳು. ಒಂದು ಕೈಯಲ್ಲಿ ಚಪ್ಪಲಿ, ಇನ್ನೊಂದರಲ್ಲಿ ಪ್ಯಾಡು ಹಿಡಿದು ಚೀಲ ಎಣಿಸಿದೆ.

ಆದರೆ ಮರ್ಯಾದೆ ಹೋಗಿದ್ದು ಅಲ್ಲಲ್ಲ. ನಾನು ಪೇಟೇಲಿ ಬೆಳೆದೋಳು. 1,200 ಚೀಲ ಎಣಿಸಿ, ಚೀಲಕ್ಕೊಂದು ಕ್ವಿಂಟಲ್ ಹಿಡಿದು 1,200 ಕ್ವಿಂಟಲ್ ಅಂತ ಬರೆದೆ. ನಮ್ಮ ಕಡೆ ಭತ್ತದ ಚೀಲ 75 ಕೆ.ಜಿ., ಅಂದರೆ ಬರೀ 900 ಕ್ವಿಂಟಲ್. ಮಾಲೀಕರು ನನ್ನ ಮುಂದೆ ಏನೂ ಅನ್ನಲಿಲ್ಲ. ನಮ್ಮ ಆಡಿಟರ್ ಸಾರ್‌ಗೆ ಫೋನ್ ಮಾಡಿ, "ಸ್ವಲ್ಪ ತಿಳಿದೋರನ್ನ ಕಳಿಸ್ರಿ" ಅಂದರಂತೆ. ಹೀಲ್ಸು ಅವರು ಮರೆತಿರಬಹುದು, ಆ ಮುನ್ನೂರು ಕ್ವಿಂಟಲ್ ಮರೆಯೋಕೆ ಎರಡು ವರ್ಷ ಹಿಡೀತು.

ನೀವು ಭತ್ತ ಬೆಳೆಯೋ ಸಿರುಗುಪ್ಪದ ಕಡೆಯವರು. ಇದನ್ನ ನಿಮಗೆ ಯಾರೂ ಹೇಳಿಕೊಡಬೇಕಾಗಿಲ್ಲ, ಮತ್ತೆ ಊರು ಯಾವುದು ಅಂತ ಯಾಕೆ ಮುಚ್ಚಿಡಬೇಕು?

ಇಂಗ್ಲಿಷ್ ಬೇಕು, ಜಿಎಸ್‌ಟಿ ನೋಟಿಸ್ ಬಂದರೆ ಓದಿ ಉತ್ತರ ಬರೆಯುವಷ್ಟು. ಅದು ಕ್ಲಾಸಲ್ಲಿ ಬರಲ್ಲ, ಹಳೇ ಫೈಲುಗಳಲ್ಲಿರೋ ಉತ್ತರ ಓದಿದರೆ ಬರುತ್ತೆ. ಮಾತಿಗೆ ಬಳ್ಳಾರಿಯಲ್ಲಿ ಇಂಗ್ಲಿಷಿಗಿಂತ ತೆಲುಗು ಹೆಚ್ಚು ನಡೆಯುತ್ತೆ. ನಮ್ಮ ಪಾರ್ಟಿಗಳಲ್ಲಿ ಬಹಳ ಜನ ಮನೇಲಿ ತೆಲುಗು ಆಡೋರು. ನಿಮಗೆ ಬಂದರೆ ನಾಚಿಕೆ ಬಿಟ್ಟು ಆಡಿ.

ಇನ್ನು ದಿನಾ ಎದುರಾಗೋದು: ಬಾಗಿಲಲ್ಲಿ ನಿಂತು "ಸಾರ್ ಇಲ್ವೇನಮ್ಮಾ?" ಅನ್ನೋರು. ನಾನು ಮೊದಲೆಲ್ಲ "ಇಲ್ರಿ" ಅಂತಿದ್ದೆ, ಅವರು ತಿರುಗಿ ಹೋಗ್ತಿದ್ದರು. ಈಗ "ಕೂತ್ಕೊಳ್ರಿ, ನಿಮ್ಮ ಫೈಲು ನನ್ನ ಹತ್ರಾನೇ ಐತಿ, ಏನಾಗಬೇಕಿತ್ತು?" ಅಂತೀನಿ. ಫೈಲು ನಿಜವಾಗ್ಲೂ ಮೇಜಿನ ಮೇಲಿರಬೇಕು, ಅದೇ ಇದರ ಗುಟ್ಟು. ತಿಂಗಳಿಗೊಮ್ಮೆ ಜಿಎಸ್‌ಟಿ ರಿಟರ್ನ್ ಹಾಕೋರಿಗೆ ಮುಂದಿನ ತಿಂಗಳು 11 ಜಿಎಸ್‌ಟಿಆರ್-1ಕ್ಕೆ (ಮಾರಾಟದ ಬಿಲ್ಲುಗಳ ವಿವರ) ಕೊನೇ ದಿನ, 20 ಜಿಎಸ್‌ಟಿಆರ್-3ಬಿಗೆ (ತೆರಿಗೆ ಲೆಕ್ಕ ಹಾಕಿ ಕಟ್ಟೋದು). ಎರಡು ದಿನ ಮುಂಚೆ ನೀವೇ ಫೋನ್ ಮಾಡಿ "ಈ ಎರಡು ಬಿಲ್ಲು ಬಂದಿಲ್ರಿ" ಅಂತ ಬಿಲ್ ನಂಬರ್ ಸಮೇತ ಕೇಳಿದರೆ, ಮೂರನೇ ತಿಂಗಳಿಗೆ ಸಾರ್ ಬಿಟ್ಟು ನಿಮಗೇ ಫೋನ್ ಬರೋಕೆ ಶುರುವಾಗುತ್ತೆ. ತಿಳಿಯದ್ದು ಕೇಳಿದರೆ "ನೋಡಿ ಸಂಜೆ ಹೇಳ್ತೀನಿ" ಅನ್ನಿ, ಸಂಜೆ ಹೇಳಿ.

ಆ ಮಿಲ್ಲಿನವರು ಈಗ್ಲೂ ನಮ್ಮ ಪಾರ್ಟಿ. ಅಲ್ಲಿಗೆ ಹೋಗೋ ದಿನ ನಾನು ಹವಾಯಿ ಚಪ್ಪಲಿ ಹಾಕ್ಕೊಂಡು ಹೋಗಿ, ಭತ್ತದ ಅಂಚಿಗೆ ಬಿಟ್ಟು ಒಳಗೆ ನಡೀತೀನಿ.